ಏಳರವರೆಗೆ

ಜೂನ್ ಮೂರನೇ ವಾರ. ಅರಸಾಳಿನ ನಮ್ಮ ಹೈಸ್ಕೂಲಿಗೆ
ದಾನಿಗಳು ಕೊಟ್ಟ ಸ್ಮಾರ್ಟ್ ಬೋರ್ಡು ಬಂದು ಮೂರು ದಿನ.
ಅಂಚಿನ ಪ್ಲಾಸ್ಟಿಕ್ ಸುಲಿಯಲು
ಹೆಡ್‌ಮಾಸ್ಟರು ಇನ್ನೂ ಬಿಟ್ಟಿರಲಿಲ್ಲ.

ಎಂಟನೇ ಕ್ಲಾಸಿನ ಹಾಲೇಶ ಮುಟ್ಟಿಬಿಟ್ಟ.
ಬೆಳಿಗ್ಗೆ ಅಜ್ಜಿಗೆ ಹಲಸಿನಹಣ್ಣು ಬಿಡಿಸಿಕೊಟ್ಟು
ಬಸ್ಸು ಬಂತೆಂದು ಹಾಗೇ ಓಡಿಬಂದವನು.
ಐದೂ ಬೆರಳು ಗಾಜಿನ ಮೇಲೆ ಉಳಿದವು, ಮೇಣದಲ್ಲಿ.
ಹಿಂದೆ ಯಾವುದೋ ದೇಶದ ಬಿಳಿಕೋಟಿನ ಹುಡುಗಿ
ಬೀಕರಿನಲ್ಲಿ ಉಪ್ಪು ಕದಡುತ್ತ
ದ್ರಾವ್ಯ, ದ್ರಾವಕ, ದ್ರಾವಣ ಎನ್ನುತ್ತಲೇ ಇದ್ದಳು,
ಅವಳ ಮೂಗಿನ ಮೇಲೆ ಹಾಲೇಶನ ಹೆಬ್ಬೆರಳು.

ಒದ್ದೆ ಬಟ್ಟೆ ತಂದರು. ಮೇಣ ಜಪ್ಪಯ್ಯ ಅನ್ನಲಿಲ್ಲ.
ಸೋಪು ತಂದರು. ಸೋಪೂ ಅಂಟಿಕೊಂಡಿತು.
ಬೈಯಲೆಂದು ಬಾಯಿ ತೆರೆದವಳು ಕೇಳಿದೆ:
‘ಯಾಕೆ ಹೋಗ್ತಿಲ್ಲ?’

ಇಪ್ಪತ್ತು ವರ್ಷ ನಾನು ಕೇಳಿದ್ದಕ್ಕೆಲ್ಲ
ಮುಂದಿನ ಬೆಂಚಿನ ಮೂರು ಕೈ, ಅದೇ ಮೂರು ಕೈ.
ಅವೂ ಏಳದಿದ್ದರೆ
‘ಅದು ಏನಪ್ಪ ಅಂದ್ರೆ’ ಎಂಬ ನನ್ನದೇ ದನಿ.
ಹೋದ ವರ್ಷ ಶಿವಮೊಗ್ಗದ ತರಬೇತಿಯಲ್ಲಿ ಒಬ್ಬಾಕೆ ಹೇಳಿದ್ದಳು:
ಪ್ರಶ್ನೆ ಕೇಳಿ, ಬಾಯಿ ಮುಚ್ಚಿ, ಏಳರವರೆಗೆ ಎಣಿಸಿ, ಅಷ್ಟೇ.
ನಾವು ನಗಾಡಿ ಊಟಕ್ಕೆ ಎದ್ದಿದ್ದೆವು. ಚಿರೋಟಿ ಇತ್ತು.

ಎಣಿಸಿ ನೋಡಿದವರಿಗೆ ಗೊತ್ತು ಏಳು ಎಷ್ಟು ದೂರವೆಂದು.
ಒಂದು. ಮೂರು ಕೈ ಎದ್ದವು. ನೋಡಲಿಲ್ಲ.
ಎರಡು. ಫ್ಯಾನಿನ ಕಿರುಗುಟ್ಟುವಿಕೆ.
ಮೂರು. ಕೈಗಳು ಇಳಿದವು, ಅನುಮಾನದಿಂದ.
ನಾಲ್ಕಕ್ಕೆ ನಾಲಗೆಯ ತುದಿಗೆ ಬಂದ ಉತ್ತರವನ್ನು ನುಂಗಿದೆ.
ಐದಕ್ಕೆ ತಾಳಗುಪ್ಪದ ರೈಲು ಬಂತು,
ಕಿಟಕಿ ಅದುರಿತು,
ಐದು ಬಹಳ ಹೊತ್ತು ಐದಾಗಿಯೇ ಇತ್ತು.
ಆರು ಅನ್ನುವಾಗ
ಎರಡು ವರ್ಷದಿಂದ ಹಾಜರಿಗಷ್ಟೇ ಬಾಯಿಬಿಟ್ಟ ಮುಬೀನಾ
ಕಡೇ ಬೆಂಚಿನಲ್ಲಿ ಕೂತೇ, ಡೆಸ್ಕಿಗೆ ಹೇಳಿದಳು:
‘ನೀರು ಕಂಡ್ರೆ ಅದಕ್ಕೆ ಆಗಲ್ಲ. ಎಣ್ಣೆ ಆದ್ರೆ ಆಗತ್ತೆ.’

ಹೌದೆನ್ನಲಿಲ್ಲ ನಾನು, ಅಲ್ಲವೆಂದೂ ಅನ್ನಲಿಲ್ಲ.
‘ಹೇಗೆ ಗೊತ್ತು?’
‘ಅಮ್ಮಿ ಕತ್ತಿಗೆ ಹಚ್ತಾಳೆ.’
‘ಸೀಮೆಎಣ್ಣೆ?’ ಅಂದ ಒಬ್ಬ. ‘ಮಜ್ಜಿಗೆ?’ ‘ಬೂದಿ ನೀರು?’ ‘ತುಪ್ಪ?’
‘ತುಪ್ಪ ಯಾರಪ್ಪನ ಮನೆಯಿಂದ ತರ್ತೀಯ?’ ಅಂದ ಹಾಲೇಶ,
ಅಪರಾಧಿ ಎಂಬುದನ್ನು ಆಗಲೇ ಮರೆತು.

ಮರುದಿನ ಆರು ಗಾಜಿನ ಪಟ್ಟಿ, ಆರು ತೊಟ್ಟು ಮೇಣ,
ಬಾಟಲಿ ಮುಚ್ಚಳಗಳಲ್ಲಿ ಅವರವರ ವಾದ.
(ತುಪ್ಪ ಬಂದಿತ್ತು, ಪೊಟ್ಟಣದಲ್ಲಿ, ಕದ್ದದ್ದು.)
ಸ್ಟೂಲಿಗೆ ಕಟ್ಟಿದ ನನ್ನ ಮೊಬೈಲಿನ ಕಣ್ಣಿನಿಂದ
ಕಡಲೆಯಷ್ಟಿದ್ದ ಮೇಣ ಬೋರ್ಡಿನಲ್ಲಿ ಚಾಪೆಯಷ್ಟಾಯಿತು.
ನೀರು ಬಳಸಿ ಹೋಯಿತು, ಮುನಿದ ನೆಂಟರ ಮನೆ ಮುಂದೆ ಹಾದಂತೆ.
ಕೊಬ್ಬರಿ ಎಣ್ಣೆ ಅಂಚಿನಲ್ಲಿ ಸ್ವಲ್ಪ ನಿಂತು
ಒಳಗೆ ಇಳಿಯಿತು.
ನಲವತ್ತೊಂದು ಮಕ್ಕಳು ಉಸಿರು ಹಿಡಿದು ನೋಡಿದರು
ಮೇಣ ಸಡಿಲಾಗುವುದನ್ನು.
ನೋಟ್‌ಬುಕ್ಕಿನಲ್ಲಿ ‘ಕರಗಿತು’ ಎಂದು ಬರೆಯುವುದೋ ‘ಬಿಟ್ಟಿತು’ ಎಂದೋ,
ಅದಕ್ಕೇ ಅರ್ಧ ಪೀರಿಯಡ್ ಹೋಯಿತು.
ಮಜ್ಜಿಗೆಯ ಬಗ್ಗೆ ಎರಡು ಪಕ್ಷವಾಗಿದೆ. ಇನ್ನೂ ರಾಜಿಯಾಗಿಲ್ಲ.

ಗುರುವಾರ ಬಂದ ವಿಷಯ ಪರಿವೀಕ್ಷಕರು
ಬೋರ್ಡಿನ ಎಣ್ಣೆ ಜಿಡ್ಡನ್ನು ಬೆರಳಿನಿಂದ ಸವರಿ
ಪಾಠಯೋಜನೆಯಲ್ಲಿ ಈ ಹಲಸು ಎಲ್ಲಿದೆ ಎಂದು ಕೇಳಿದರು.
ಅವರ ಜೊತೆ ನಾನೂ ಪುಟ ತಿರುವಿ ಹುಡುಕಿದೆ.

ಮೊನ್ನೆ ಮುಬೀನಾ ಎದ್ದು ನಿಂತು ಕೇಳಿದಳು:
‘ಮಿಸ್, ಕಾಯಿ ಕೊಯ್ದಾಗ ಹಾಲಿನ ಹಾಗೆ ಸುರಿಯುತ್ತಲ್ಲ,
ಹೊರಗೆ ಬಂದಮೇಲೆ ಯಾಕೆ ಅಂಟಾಗತ್ತೆ?
ಒಳಗಿದ್ದಾಗ ಅದಕ್ಕೇ ಯಾಕೆ ಅಂಟ್ಕೊಳ್ಳಲ್ಲ?’

ಪುಸ್ತಕದಲ್ಲಿ ಇಲ್ಲ. ನನ್ನಲ್ಲೂ ಇಲ್ಲ.
ಯಾರೂ ನಗಲಿಲ್ಲ. ಯಾರೂ ಸಹಾಯಕ್ಕೂ ಬರಲಿಲ್ಲ.
ಹಾಲೇಶ, ನನಗೆ ಕಾಣದೆಂದು ನಂಬಿ,
ಡೆಸ್ಕಿನ ಕೆಳಗೆ ಬೆರಳು ಮಡಿಸುತ್ತಿದ್ದ,
ನನಗಾಗಿ.
ಏಳಾಯಿತು.
ಎರಡನೇ ಕೈಯೂ ಮುಗಿದು
ಮತ್ತೆ ಮೊದಲನೆಯದಕ್ಕೆ ಬಂದ.